ಸ್ಲೀವ್, ಬೈಪಾಸ್ ಆದಮೇಲೆ ತೂಕದ ಮುಳ್ಳು ಕದಲದಿದ್ದಾಗ

ಸ್ಲೀವ್, ಬೈಪಾಸ್ ಎರಡೂ ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್‌ಗಳು. ಅವಾದಮೇಲೆ ತೂಕ ನಿಂತುಬಿಟ್ಟಿದೆ ಎಂದು ಗಾಬರಿಯಾಗುವ ಮುಂಚೆ, ಆಪರೇಷನ್ ಆಗಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿ. ಮೂರನೇ ವಾರದಲ್ಲಿ ನಿಂತ ತೂಕಕ್ಕೆ ಏನೂ ಮಾಡಬೇಕಾಗಿಲ್ಲ. ಎಂಟನೇ ತಿಂಗಳಲ್ಲಿ ನಿಂತಿದ್ದರೆ ಉತ್ತರ ಹೆಚ್ಚಾಗಿ ತಟ್ಟೆಯಲ್ಲೂ ಲೋಟದಲ್ಲೂ ಇರುತ್ತದೆ. ಎರಡು ವರ್ಷ ಕಳೆದ ಮೇಲೆ ನಿಂತು ಮೆಲ್ಲಗೆ ಏರತೊಡಗಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. (ಇಲ್ಲಿ ಬೈಪಾಸ್ ಎಂದರೆ ಹೊಟ್ಟೆಯದು, ಹೃದಯದ್ದಲ್ಲ. ಬಂಧುಗಳಿಗೆ ಫೋನಿನಲ್ಲಿ ಹೇಳುವಾಗ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.)

ಮೂರನೇ ವಾರದ ನಿಲುಗಡೆ

ಆಪರೇಷನ್ ಆದ ಎರಡರಿಂದ ಆರು ವಾರದೊಳಗೆ ಬಹಳಷ್ಟು ಜನರಿಗೆ ತೂಕ ಒಮ್ಮೆ ನಿಲ್ಲುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆಗೆ ಹೋಗುವುದು ನೀರು, ಬೇಳೆಕಟ್ಟು, ಪ್ರೋಟೀನ್ ಪೌಡರ್ ಕದಡಿದ ನೀರು, ಅಷ್ಟೆ. ಆಗ ದೇಹ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನನ್ನು ಮೊದಲು ಕರಗಿಸುತ್ತದೆ. ಈ ದಾಸ್ತಾನು ಸುಮಾರು 400–500 ಗ್ರಾಂ. ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೀಗಾಗಿ ಮೊದಲ ಹತ್ತು ದಿನಗಳಲ್ಲಿ ಸರ್ರನೆ ಇಳಿದ ತೂಕದಲ್ಲಿ ಒಂದೂವರೆ, ಎರಡು ಕಿಲೋ ಬರೀ ಇದೇ. ಮೆತ್ತನೆಯ ಊಟ ಶುರುವಾದಾಗ ದಾಸ್ತಾನು ಸ್ವಲ್ಪ ತುಂಬುತ್ತದೆ, ನೀರೂ ಮರಳುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇದ್ದರೂ ತೂಕದ ಮೆಷಿನ್ನಿಗೆ ಅದು ಕಾಣುವುದಿಲ್ಲ.

ಇದು ಒಂದರಿಂದ ಮೂರು ವಾರದಲ್ಲಿ ತಾನಾಗಿ ಬಿಡುತ್ತದೆ. ಈ ಹೊತ್ತಿನಲ್ಲಿ ಊಟ ಇನ್ನೂ ಕಡಿಮೆ ಮಾಡಬೇಡಿ, ಉಪವಾಸ ಹಿಡಿಯಬೇಡಿ, ಹೊಲಿಗೆ ಗಟ್ಟಿಯಾಗುವ ಮುಂಚೆ ಭಾರ ಎತ್ತಬೇಡಿ. ಪ್ರೋಟೀನ್, ನೀರು, ಬರೆದುಕೊಟ್ಟ ಮಾತ್ರೆಗಳು, ದಿನಕ್ಕೆ ನಾಲ್ಕೈದು ಸಲ ಹತ್ತು ನಿಮಿಷದ ನಡಿಗೆ ಇದ್ದರೆ ಸಾಕು.

ನಿಜಕ್ಕೂ ನಿಂತಿದೆಯೇ?

ನಾಲ್ಕು ವಾರ ಪೂರ್ತಿ ತೂಕವೂ ಇಳಿಯದೆ, ಸೊಂಟದ ಸುತ್ತಳತೆಯೂ ಕಡಿಮೆಯಾಗದೆ ಇದ್ದರೆ ಮಾತ್ರ ನಿಂತಿದೆ ಎನ್ನಬೇಕು. ನಾಲ್ಕು ದಿನ ಕದಲದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಾರಕ್ಕೆ ಒಂದೇ ದಿನ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ, ಒಂದೇ ಮೆಷಿನ್ ಮೇಲೆ, ಅಂಥದೇ ಹಗುರ ಬಟ್ಟೆಯಲ್ಲಿ ನಿಲ್ಲಿ. ಮೆಷಿನ್ ಟೈಲ್ಸ್ ಅಥವಾ ಕಲ್ಲಿನ ನೆಲದ ಮೇಲಿರಲಿ, ಚಾಪೆ ಅಥವಾ ಕಾರ್ಪೆಟ್ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಸುತ್ತಳತೆಗೆ ದರ್ಜಿಗಳ ಟೇಪು ಸಾಕು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಇಟ್ಟು, ಉಸಿರು ಬಿಟ್ಟಾಗ ಅಳೆಯಿರಿ. ಮುಟ್ಟಿನ ಮುಂಚಿನ ವಾರದಲ್ಲಿ ನೀರು ನಿಂತು ಒಂದೆರಡು ಕಿಲೋ ಏರುವುದುಂಟು. ಮಲಬದ್ಧತೆ, ಉಪ್ಪಿನಕಾಯಿ-ಹಪ್ಪಳದ ಊಟ, ಹೊಸದಾಗಿ ಶುರುಮಾಡಿದ ಕಸರತ್ತು, ಮೂರೂ ಹೀಗೇ ತೂಕವನ್ನು ಮರೆಮಾಚುತ್ತವೆ. ಮುಟ್ಟು ತಪ್ಪಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಆಪರೇಷನ್ ಆಗಿ 12–18 ತಿಂಗಳು ಗರ್ಭಧಾರಣೆ ಬೇಡ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು, ಬೇರೆ ವಿಧಾನ ಕೇಳಿಕೊಳ್ಳಿ.

ಇನ್ನೊಂದು ಲೆಕ್ಕವೂ ಬೇಕು. 160 ಸೆಂ.ಮೀ. ಎತ್ತರ, 118 ಕಿಲೋ ಇದ್ದ ಒಬ್ಬರು ಸ್ಲೀವ್ ಆದ ಹತ್ತನೇ ತಿಂಗಳಿಗೆ 85ಕ್ಕೆ ಬಂದು ನಿಂತಿದ್ದಾರೆ ಎನ್ನೋಣ. ಇಳಿದದ್ದು 33 ಕಿಲೋ, ಅಂದರೆ ಮೂಲ ತೂಕದ ಶೇ. 28. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಎಂದು ಹಿಡಿದರೆ ಅವರ ಎತ್ತರಕ್ಕೆ 64 ಕಿಲೋ. ಹೆಚ್ಚುವರಿ ಇದ್ದ 54 ಕಿಲೋದಲ್ಲಿ ಶೇ. 61 ಹೋಗಿದೆ. ಸ್ಲೀವ್‌ನಲ್ಲಿ ಒಟ್ಟು ತೂಕದ ಕಾಲು ಭಾಗ, ಬೈಪಾಸ್‌ನಲ್ಲಿ ಸುಮಾರು ಶೇ. 30 ಇಳಿಯುವುದು ಸಾಮಾನ್ಯ. ತೂಕ ತೀರಾ ಕೆಳಗೆ ಮುಟ್ಟುವುದು 12ರಿಂದ 18ನೇ ತಿಂಗಳ ಹೊತ್ತಿಗೆ. ಹಾಗಾಗಿ ಈ 85 ಸೋಲಲ್ಲ. ಇನ್ನೂ ಇಳಿಯಬಹುದು, ಆದರೆ ಮೊದಲ ಮೂರು ತಿಂಗಳ ವೇಗದಲ್ಲಿ ಇಳಿಯುವುದಿಲ್ಲ. ಅದೇ 3 ಕಿಲೋಮೀಟರ್ ನಡೆಯಲು 85 ಕಿಲೋ ದೇಹಕ್ಕೆ 118 ಕಿಲೋ ದೇಹಕ್ಕಿಂತ ಕಾಲು ಭಾಗಕ್ಕೂ ಮಿಕ್ಕಿ ಕಡಿಮೆ ಶಕ್ತಿ ಸಾಕು. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ತಗ್ಗಿರುತ್ತದೆ. ಆರು ತಿಂಗಳ ಹಿಂದೆ ತೂಕ ಇಳಿಸುತ್ತಿದ್ದ ಊಟವೇ ಈಗ ತೂಕ ಕಾಯುವ ಊಟವಾಗಿರಬಹುದು.

ಜಾರಿ ಹೋಗುವ ಊಟ

ಆರನೇ ತಿಂಗಳ ನಂತರ ತೂಕ ನಿಂತವರ ಊಟ ಬಿಡಿಸಿ ನೋಡಿದರೆ ಪದೇ ಪದೇ ಸಿಗುವ ಕಾರಣ ಇದು: ಆಪರೇಷನ್ ತಡೆಯುವುದು ಗಟ್ಟಿ ಆಹಾರದ ಪ್ರಮಾಣವನ್ನು. ನೀರಾಗಿರುವುದನ್ನು, ಬಾಯಲ್ಲಿ ಕರಗುವುದನ್ನು, ಸಾರಿನೊಂದಿಗೆ ಜಾರುವುದನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಬೈಪಾಸ್‌ನಲ್ಲಿ ಉಳಿಸುವ ಪುಟ್ಟ ಚೀಲ ಸುಮಾರು 30 ಮಿಲಿ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿರುತ್ತಾರೆ. ಬೇಯಿಸಿದ ಮೊಟ್ಟೆಯನ್ನು ಅಗಿದು ನುಂಗಿದರೆ ಅಲ್ಲಿ ಕೂತು ಹೊತ್ತು ಹಿಡಿಯುತ್ತದೆ. ಗಂಜಿ, ರಾಗಿ ಅಂಬಲಿ, ಸಾರಲ್ಲಿ ಕಲಸಿದ ಅನ್ನ ನಿಲ್ಲದೆ ಇಳಿದುಹೋಗುತ್ತದೆ, ಒಂದು ಗಂಟೆಗೆ ಮತ್ತೆ ಹಸಿವು.

ನಮ್ಮ ಊಟ ಈ ಜಾರುವ ಗುಣಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮುದ್ದೆಯನ್ನೇ ನೋಡಿ. ರಾಗಿ ಒಳ್ಳೆಯ ಧಾನ್ಯವೇ ಹೌದು, ಸುಣ್ಣದ ಅಂಶ ಹೇರಳ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಆಪರೇಷನ್ ಆದಮೇಲೆ ಇದೇ ಎರಡು ಕಡೆಯಿಂದ ತೊಂದರೆ: ಮೊದಲ ತಿಂಗಳುಗಳಲ್ಲಿ ತುತ್ತು ಅಂಟಿಕೊಂಡು ಎದೆ ಹಿಡಿದಂತಾಗಿ ವಾಂತಿಯಾಗಬಹುದು, ಆಮೇಲೆ ಸಾರಿನ ಬಲದಲ್ಲಿ ಎಷ್ಟು ಹೋಯಿತೆಂದೇ ತಿಳಿಯುವುದಿಲ್ಲ. 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲರಿ, ಪ್ರೋಟೀನ್ ಬರೀ 7 ಗ್ರಾಂ. ಮುದ್ದೆ ಬಿಡಲಾಗದಿದ್ದರೆ ನಿಂಬೆಹಣ್ಣಿನ ಗಾತ್ರದ್ದು ಒಂದೇ ಇರಲಿ, ಜೊತೆಗೆ ಸಾರಿನ ತಿಳಿಯ ಬದಲು ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಅಥವಾ ಕೋಳಿ ತುಂಡು ಇರಲಿ, ಮತ್ತು ಪಲ್ಯವೇ ಮೊದಲು.

ಕಡಲೆಪುರಿ, ಚುರುಮುರಿ, ರಸ್ಕು, ಮಾರಿ ಬಿಸ್ಕತ್ತು, ಖಾರ ಮಿಕ್ಸ್ಚರ್, ಕೋಡುಬಳೆ, ನಿಪ್ಪಟ್ಟು ಗಟ್ಟಿ ಎನಿಸಿದರೂ ಬಾಯಲ್ಲೇ ಪುಡಿಯಾಗಿ ಕರಗುವಂಥವು. ಕೋಳಿ ತುಂಡು ಎರಡು ತುತ್ತಿಗೆ ಸಾಕೆನಿಸುವವರಿಗೂ ಟಿವಿ ಮುಂದೆ 50 ಗ್ರಾಂ ಮಿಕ್ಸ್ಚರ್ ಸಲೀಸಾಗಿ ಹೋಗುತ್ತದೆ, ಅಲ್ಲಿಗೆ ಸುಮಾರು 270 ಕ್ಯಾಲರಿ. ಹುರಿದ ಕಡಲೆಕಾಯಿ ಬೀಜದಲ್ಲಿ ಪ್ರೋಟೀನ್ ಇದೆಯೆಂದು ಬಟ್ಟಲುಗಟ್ಟಲೆ ತಿನ್ನುವವರಿದ್ದಾರೆ. 30 ಗ್ರಾಂಗೆ 7–8 ಗ್ರಾಂ ಪ್ರೋಟೀನ್ ನಿಜ, ಜೊತೆಗೆ 170 ಕ್ಯಾಲರಿಯೂ ನಿಜ.

ಊಟಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಮೆತ್ತನೆಯ ಊಟದ ಹಂತ ದಾಟಿದವರಿಗೆ ಮಾತ್ರ ಇದು. ಒಂದು ಮಧ್ಯಾಹ್ನ ತಟ್ಟೆಗೆ 80–100 ಗ್ರಾಂ ಗಟ್ಟಿ ಪ್ರೋಟೀನ್ ಮಾತ್ರ ತೂಗಿ ಹಾಕಿಕೊಳ್ಳಿ: ಪನೀರ್ ಪಲ್ಯ, ಮೀನು, ಕೋಳಿ ಅಥವಾ ನೀರಿಲ್ಲದ ಹೆಸರುಕಾಳು ಉಸಲಿ. ಊಟಕ್ಕೆ ಕೂರುವ ಹೊತ್ತಿನಿಂದ ಮುಗಿದು ಅರ್ಧ ಗಂಟೆಯವರೆಗೆ ನೀರು, ಮಜ್ಜಿಗೆ, ಸಾರು ಏನೂ ಬೇಡ. ಪ್ರತಿ ತುತ್ತನ್ನು 20–25 ಸಲ ಅಗಿದು, ಗಡಿಯಾರ ನೋಡಿಕೊಂಡು 20 ನಿಮಿಷ ತಿನ್ನಿ. ಸಾಕೆನಿಸಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ತೂಗಿ. ಇಷ್ಟರಲ್ಲಿ ಹೊಟ್ಟೆ ತುಂಬಿ ಮೂರು ಗಂಟೆ ಹಸಿವಾಗದಿದ್ದರೆ ಹೊಟ್ಟೆ ಹಿಗ್ಗಿದೆ ಎಂಬ ಭಯ ಬಹುಮಟ್ಟಿಗೆ ಬಿಡಿ, ತೊಂದರೆ ಬೇರೆ ಹೊತ್ತಿನ ಜಾರುವ ತಿನಿಸಿನಲ್ಲಿದೆ. ಗಟ್ಟಿ ಪ್ರೋಟೀನೂ ದಿನ ದಿನಕ್ಕೂ ಸಲೀಸಾಗಿ ಇನ್ನೂರು, ಮುನ್ನೂರು ಗ್ರಾಂ ಹೋಗುತ್ತಿದ್ದರೆ ಡಾಕ್ಟರಿಗೆ ಹೇಳಬೇಕಾದ ಮಾತು.

ಏಳು ದಿನ ಬರೆಯಿರಿ

ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದುಕೊಳ್ಳಿ. ಏಳು ದಿನ ಬಾಯಿಗೆ ಹೋದದ್ದೆಲ್ಲ ಬರೆಯಿರಿ: ಏನು, ಎಷ್ಟು ಗ್ರಾಂ, ಎಷ್ಟು ಗಂಟೆಗೆ, ಹಸಿವಿತ್ತೇ ಇಲ್ಲವೇ. ಮಗು ಬಿಟ್ಟ ಅರ್ಧ ದೋಸೆ, ಒಗ್ಗರಣೆ ರುಚಿ ನೋಡಿದ ಚಮಚ, ದೇವಸ್ಥಾನದ ಪ್ರಸಾದ ಎಲ್ಲವೂ ಪುಸ್ತಕಕ್ಕೆ ಬರಬೇಕು. ರಾತ್ರಿ ಕೂತು ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ, ಆಗಾಗಲೇ ಬರೆಯಬೇಕು. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆಯಿರಿ. ಒಂದು ಊಟದ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ, ಚಿಕ್ಕ ಚಮಚ ತುಪ್ಪಕ್ಕೆ 45.

ಆರು ತಿಂಗಳು ದಾಟಿದ ಹೆಚ್ಚಿನವರಿಗೆ ಡಯೆಟಿಷಿಯನ್ನರು ದಿನಕ್ಕೆ ಸುಮಾರು 1000–1200 ಕ್ಯಾಲರಿಯ ಗುರಿ ಕೊಡುತ್ತಾರೆ. ಎತ್ತರ, ಕೆಲಸ, ಗಂಡು-ಹೆಣ್ಣು ನೋಡಿ ಅದು ಬದಲಾಗುತ್ತದೆ. ಏಳು ದಿನದ ಮೊತ್ತ ಕೂಡಿಸಿ ಏಳರಿಂದ ಭಾಗಿಸಿದಾಗ ದಿನಕ್ಕೆ 1500 ಮುಟ್ಟಿದರೆ ಅಚ್ಚರಿ ಬೇಡ. ಹೆಚ್ಚಿನ ಸಲ ಆ ಮುನ್ನೂರು ನಾನೂರು ಬರುವುದು ಲೋಟದಿಂದ. 100 ಮಿಲಿ ಗಟ್ಟಿ ಹಾಲು, ಎರಡು ಚಿಕ್ಕ ಚಮಚ ಸಕ್ಕರೆ ಇರುವ ಕಾಫಿಗೆ 105 ಕ್ಯಾಲರಿ. ದಿನಕ್ಕೆ ನಾಲ್ಕು ಲೋಟವೆಂದರೆ 420. ಹಣ್ಣಿನ ರಸ, ರಾಗಿ ಮಾಲ್ಟ್, ಸಕ್ಕರೆ ಬೆರೆತ ಆರೋಗ್ಯ ಪಾನೀಯಗಳೂ ಇದೇ ಸಾಲಿನವು. ಕಾಫಿ ಬಿಡಬೇಕಾಗಿಲ್ಲ, ಎರಡಕ್ಕೆ ಇಳಿಸಿ, ಸಕ್ಕರೆ ತೆಗೆಯಿರಿ, ಕೆನೆ ತೆಗೆದ ಹಾಲು ಹಾಕಿ. ತೆಳು ಮಜ್ಜಿಗೆ, ನೀರು ಸೇರಿ ದಿನಕ್ಕೆ ಒಂದೂವರೆ, ಎರಡು ಲೀಟರ್ ಊಟದ ನಡುವಿನ ಹೊತ್ತಲ್ಲಿ ಗುಟುಕು ಗುಟುಕಾಗಿ ಹೋಗಲಿ. ಮದ್ಯದ ಮಾತೇ ಬೇಡ: ಪ್ರತಿ ಗ್ರಾಂಗೆ 7 ಕ್ಯಾಲರಿ, ಹೊಸ ಹೊಟ್ಟೆಯಿಂದ ರಕ್ತಕ್ಕೆ ಬೇಗ ಏರುತ್ತದೆ, ಬೈಪಾಸ್ ಆದವರಲ್ಲಿ ಚಟವಾಗುವ ಅಪಾಯವೂ ಹೆಚ್ಚು.

ಊಟವಾಗಿ ಒಂದರಿಂದ ಮೂರು ಗಂಟೆಗೆ ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಬರುತ್ತಿದ್ದರೆ ಅದನ್ನೂ ಗಂಟೆ ಸಮೇತ ಬರೆಯಿರಿ. ಸಿಹಿ ಅಥವಾ ಬಿಳಿ ಅನ್ನ ಹೆಚ್ಚಾದಾಗ ಸಕ್ಕರೆ ಒಮ್ಮೆಲೇ ಏರಿ, ಇನ್ಸುಲಿನ್ ಉಕ್ಕಿ, ಸಕ್ಕರೆ ಕುಸಿಯುತ್ತದೆ. ಇದು ಬೈಪಾಸ್ ಆದವರಲ್ಲಿ ಹೆಚ್ಚು. ಕುಸಿದಾಗ ಏನಾದರೂ ಸಿಹಿ ತಿನ್ನಬೇಕಾಗುತ್ತದೆ, ತಿಂದರೆ ಮತ್ತದೇ ಸುತ್ತು, ತೂಕ ಮಾತ್ರ ನಿಂತಲ್ಲೇ. ಪದೇ ಪದೇ ಆಗುತ್ತಿದ್ದರೆ ಗ್ಲುಕೋಮೀಟರಿನಲ್ಲಿ ಆ ಹೊತ್ತಿನ ಸಕ್ಕರೆ ನೋಡಿ, ಡಾಕ್ಟರಿಗೆ ತೋರಿಸಿ.

ಪ್ರೋಟೀನ್ ಲೆಕ್ಕ, ಅದರಲ್ಲೂ ಸಸ್ಯಾಹಾರಿಗಳಿಗೆ

ದಿನಕ್ಕೆ ಕನಿಷ್ಠ 60–80 ಗ್ರಾಂ. ಇದು ಸೇರದಿದ್ದರೆ ದೇಹ ಸ್ನಾಯುವನ್ನು ಕರಗಿಸುತ್ತದೆ, ಶಕ್ತಿಯ ಖರ್ಚು ಇನ್ನೂ ತಗ್ಗುತ್ತದೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಆಪರೇಷನ್ನಿನ ಆಘಾತದಿಂದಲೇ ಬರುವಂಥದ್ದು, ಆದರೆ ಅದು ನಿಲ್ಲದೆ ಮುಂದುವರಿದರೆ ಪ್ರೋಟೀನ್, ಕಬ್ಬಿಣಾಂಶ ನೋಡಿಸಿ.

“ಬೇಳೆ ಸಾರು ಉಣ್ಣುತ್ತೇನಲ್ಲ” ಎಂಬ ಉತ್ತರ ಲೆಕ್ಕಕ್ಕೆ ನಿಲ್ಲುವುದಿಲ್ಲ. ತಿಳಿಸಾರಿನಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಗಟ್ಟಿ ಬೇಳೆಯೇ 100 ಗ್ರಾಂಗೆ 6–7 ಗ್ರಾಂ ಕೊಡುವುದು. ಮೊಟ್ಟೆ ತಿನ್ನದವರ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಪನೀರ್ ಪುಡಿಮಾಡಿದ ಪಲ್ಯ, 11 ಗ್ರಾಂ. ಹನ್ನೊಂದು ಗಂಟೆಗೆ ನೀರಿನಲ್ಲಿ ಒಂದು ಅಳತೆ ವೇ ಪ್ರೋಟೀನ್, 24 ಗ್ರಾಂ (ಡಬ್ಬದ ಹಿಂದೆ ಬರೆದದ್ದನ್ನೇ ನಂಬಿ, ಮುಂದಿನ ದಪ್ಪಕ್ಷರವನ್ನಲ್ಲ). ಮಧ್ಯಾಹ್ನ 100 ಗ್ರಾಂ ಗಟ್ಟಿ ಬೇಳೆ ಅಥವಾ ಮೊಳಕೆಕಾಳು ಉಸಲಿ, 7 ಗ್ರಾಂ. 250 ಗ್ರಾಂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಇನ್ನೊಂದು 7. ಸಂಜೆ 20 ಗ್ರಾಂ ಒಣ ಮೀಲ್‌ಮೇಕರ್ (ಸೋಯಾ ಉಂಡೆ) ನೆನೆಸಿ ಹಿಂಡಿ ಮೆಣಸು ಹಾಕಿ ಹುರಿದದ್ದು, 10 ಗ್ರಾಂ. ರಾತ್ರಿ ಮತ್ತೆ 60 ಗ್ರಾಂ ಪನೀರ್, ತರಕಾರಿಯೊಂದಿಗೆ. ಎಲ್ಲ ಸೇರಿ 70. ಅನ್ನವೋ ಚಪಾತಿಯೋ ಇದೆಲ್ಲ ಆದಮೇಲೆ ಜಾಗ ಉಳಿದರೆ ಎರಡು ತುತ್ತು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿಗೆ 20ಕ್ಕೂ ಹೆಚ್ಚು, ಕೋಳಿ ಎದೆ ಭಾಗಕ್ಕೆ 30ರ ಆಸುಪಾಸು, ಕೆಲಸ ಸುಲಭ. ಕಿಡ್ನಿ ತೊಂದರೆ ಇದ್ದವರು ಈ ಅಳತೆಯನ್ನು ಡಾಕ್ಟರನ್ನು ಕೇಳಿಯೇ ಹಿಡಿಯಬೇಕು.

ಕಡಿಮೆ ತಿಂದದ್ದಕ್ಕೇ ತೂಕ ನಿಂತಿದೆ, ಜಾಸ್ತಿ ತಿನ್ನಿ ಎಂಬ ಸಲಹೆ ಕಿವಿಗೆ ಬೀಳುತ್ತಿರುತ್ತದೆ. ಅದನ್ನು ಹಾಗೇ ನಂಬಬೇಡಿ. ತಿನ್ನದೆ ಕೊಬ್ಬು ಕೂಡುವುದಿಲ್ಲ. ಪ್ರೋಟೀನ್ ಕಡಿಮೆಯಾಗಿದ್ದರೆ ಅದನ್ನು ಹೆಚ್ಚಿಸಬೇಕು, ಅಷ್ಟೇ. ಐದು ದಿನ ಬರೀ ದ್ರವ ಕುಡಿದು ಹೊಟ್ಟೆಯನ್ನು ಮತ್ತೆ ಚಿಕ್ಕದು ಮಾಡುವ ಉಪಾಯವೂ ಓಡಾಡುತ್ತಿದೆ. ಅದರಿಂದ ಹೊಟ್ಟೆ ಕುಗ್ಗುವುದಿಲ್ಲ, ನೀರಿನ ತೂಕ ಇಳಿದು ಆರನೇ ದಿನ ಮರಳುತ್ತದೆ.

ನಡಿಗೆಯ ಜೊತೆ ಭಾರ

ದಿನಾ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುವವರಿಗೂ ತೂಕ ನಿಲ್ಲುತ್ತದೆ, ಏಕೆಂದರೆ ಹಗುರಾದ ದೇಹಕ್ಕೆ ಆ ನಡಿಗೆ ಈಗ ಅಗ್ಗ. ವಾರಕ್ಕೆ 150 ನಿಮಿಷದಿಂದ ಶುರುಮಾಡಿ 250–300ಕ್ಕೆ ಏರಿಸಿ. ಮಾತಾಡಬಹುದು, ಹಾಡಲಾಗದು ಎಂಬಷ್ಟು ಬಿರುಸಿರಲಿ. ಅದಕ್ಕಿಂತ ಮುಖ್ಯವಾಗಿ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಡಾಕ್ಟರ್ ಭಾರ ಎತ್ತಲು ಒಪ್ಪಿದ ಮೇಲೆ ಕೈ ಆಸರೆ ಇಲ್ಲದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಗೆ ಕೈಯಿಟ್ಟು ದಂಡ 10 ಸಲ, ಕಿಟಕಿ ಸರಳಿಗೆ ಸಿಕ್ಕಿಸಿದ ರಬ್ಬರ್ ಬ್ಯಾಂಡ್ ಎಳೆಯುವುದು 10 ಸಲ, ಒಂದು ಲೀಟರ್ ನೀರಿನ ಬಾಟಲಿ ಎರಡೂ ಕೈಲಿ ಹಿಡಿದು ತಲೆ ಮೇಲೆತ್ತುವುದು 10 ಸಲ. ಇಂಥ ಮೂರು ಸುತ್ತು. ಹತ್ತು ಸಲೀಸಾದ ವಾರ ಹನ್ನೆರಡು ಮಾಡಿ, ಅದೂ ಸಲೀಸಾದರೆ ಭಾರ ಹೆಚ್ಚಿಸಿ. ಮಂಡಿ ನೋವೆಂದು ಬ್ರೂಫೆನ್, ಡೈಕ್ಲೋಫೆನಾಕ್ ನುಂಗಬೇಡಿ, ಮುಖ್ಯವಾಗಿ ಬೈಪಾಸ್ ಆದವರು. ಚೀಲವನ್ನು ಕರುಳಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು.

ತಟ್ಟೆಯ ಆಚೆಯ ಕಾರಣಗಳು

ಊಟದ ಪುಸ್ತಕ ಚೊಕ್ಕಟವಾಗಿದ್ದರೂ ತೂಕ ಕದಲದಿದ್ದರೆ ಮಾತ್ರೆಗಳ ಪಟ್ಟಿ ನೋಡಬೇಕು. ಇನ್ಸುಲಿನ್, ಗ್ಲಿಮೆಪಿರೈಡ್, ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್, ಓಲಾಂಜಪೀನ್, ಮಿರ್ಟಾಜಪೀನ್, ಅಮಿಟ್ರಿಪ್ಟಿಲೀನ್, ವಾಲ್‌ಪ್ರೊಯೇಟ್, ಪ್ರಿಗಾಬಲಿನ್ ತೂಕ ಏರಿಸಬಲ್ಲವು. ತಾವಾಗಿ ನಿಲ್ಲಿಸುವಂತಿಲ್ಲ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಥೈರಾಯ್ಡ್ ಮಾತ್ರೆ ನುಂಗುವವರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಮತ್ತೆ ಮಾಡಿಸಿ. ಆ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ನಡುವೆ ಎರಡು ಗಂಟೆ. ರಕ್ತ ಕೊಡುವಾಗಲೇ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಆಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಸೇರಿಸಿಬಿಡಿ. ರಕ್ತಹೀನತೆ ಇದ್ದವರಿಗೆ ಮೆಟ್ಟಿಲು ಹತ್ತಲೂ ಆಗದು, ಕಸರತ್ತಿನ ಮಾತೆಲ್ಲಿ? ನಿದ್ದೆ ಏಳು ಗಂಟೆಗಿಂತ ಕಡಿಮೆಯಾದರೆ ಹಸಿವು ಏರುತ್ತದೆ. ಗೊರಕೆಗೆ ಸಿಪ್ಯಾಪ್ ಮೆಷಿನ್ (ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವಂಥದ್ದು) ಬಳಸುತ್ತಿದ್ದವರು ತೂಕ ಇಳಿಯಿತೆಂದು ಅದನ್ನು ಅಟ್ಟಕ್ಕೆ ಹಾಕದೆ ನಿದ್ರೆ ಪರೀಕ್ಷೆ ಮಾಡಿಸಿ ತೀರ್ಮಾನಿಸಲಿ.

ಡಾಕ್ಟರ ಹತ್ತಿರ ಹೋಗುವಾಗ

ಹದಿನೆಂಟು ತಿಂಗಳ ನಂತರ ಕೆಳಗಿನ ತೂಕದಿಂದ ಎರಡು ಮೂರು ಕಿಲೋ ಏರಿ ನಿಲ್ಲುವುದು ಹೆಚ್ಚಿನವರಿಗೆ ಆಗುತ್ತದೆ. ಅದಕ್ಕೂ ಮೀರಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಆಪರೇಷನ್ ಮಾಡಿದ ತಂಡವನ್ನೇ ನೋಡಿ. ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಗಳಿಂದ ಸ್ಲೀವ್ ಹಿಗ್ಗಿದೆಯೇ, ಬೈಪಾಸ್‌ನ ಜೋಡಣೆ ಅಗಲವಾಗಿದೆಯೇ, ಚೀಲಕ್ಕೂ ಹಳೆಯ ಹೊಟ್ಟೆಗೂ ನಡುವೆ ದಾರಿ ಬಿದ್ದಿದೆಯೇ ಎಂದು ತಿಳಿಯುತ್ತದೆ. ಸೆಮಾಗ್ಲೂಟೈಡ್, ಟಿರ್ಜೆಪಟೈಡ್‌ನಂಥ, ಹಸಿವು ತಗ್ಗಿಸುವ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳನ್ನೂ ಇಂಥವರಿಗೆ ಕೊಡುತ್ತಾರೆ. ಇವು ಸ್ವಂತ ಬುದ್ಧಿಯಿಂದ ಕೊಳ್ಳುವ ಔಷಧವಲ್ಲ: ಡೋಸ್ ನಿಧಾನಕ್ಕೆ ಏರಿಸಬೇಕು, ವಾಕರಿಕೆಯಿಂದ ಪ್ರೋಟೀನ್, ನೀರು ಎರಡೂ ಕುಸಿಯಬಹುದು, ಗರ್ಭಿಣಿಯರಿಗೆ ಸಲ್ಲದು, ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ. ಎರಡನೇ ಆಪರೇಷನ್ ಕೊನೆಯ ಮಾತು. ಸ್ಲೀವ್ ಆದಮೇಲೆ ತೂಕದ ಜೊತೆ ವಿಪರೀತ ಎದೆಯುರಿ, ಹುಳಿತೇಗು ಇದ್ದವರಿಗೆ ಬೈಪಾಸ್‌ಗೆ ಬದಲಿಸುವುದು ಎರಡಕ್ಕೂ ದಾರಿ.

ತೂಕದ ವಿಚಾರ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಓಡಬೇಕಾದವೂ ಇವೆ. ನೀರೂ ನಿಲ್ಲದಂತೆ ವಾಂತಿ, ಕಪ್ಪು ಮಲ, ಬೈಪಾಸ್ ಆದವರಲ್ಲಿ ಬಿಟ್ಟು ಬಿಟ್ಟು ಬರುವ ತೀವ್ರ ಹೊಟ್ಟೆನೋವು (ಕರುಳು ಒಳಗೇ ಸಿಕ್ಕಿಕೊಂಡಿರಬಹುದು, ಆಪರೇಷನ್ ಆಗಿ ವರ್ಷಗಳಾದ ಮೇಲೂ). ದಿನಗಟ್ಟಲೆ ವಾಂತಿಯಾಗಿ ಕಾಲು ಜೋಮು ಹಿಡಿದು ನಡಿಗೆ ತಪ್ಪುತ್ತಿದ್ದರೆ, ವಸ್ತು ಎರಡೆರಡಾಗಿ ಕಾಣುತ್ತಿದ್ದರೆ ಅದು ಬಿ1, ಅಂದರೆ ಥಯಾಮಿನ್, ಕೊರತೆಯ ಲಕ್ಷಣ. ಗ್ಲುಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಇಂಜೆಕ್ಷನ್ ಬೇಕು. ಊರಿನ ಸಣ್ಣ ಆಸ್ಪತ್ರೆಯಲ್ಲಿ ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಆಗಿದೆ ಎಂದು ಹೇಳದಿದ್ದರೆ ಇದು ಯಾರಿಗೂ ಹೊಳೆಯದು. ಆಪರೇಷನ್ ಟಿಪ್ಪಣಿ, ಡಿಸ್ಚಾರ್ಜ್ ಪತ್ರ, ಈಗಿನ ಮಾತ್ರೆಗಳ ಪಟ್ಟಿ, ಮೂರನ್ನೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿರಿ.